ಬಂಪರ್ ಹಿಂದಿನ ಕಬ್ಬಿಣ ಕೊಯ್ಯಬ್ಯಾಡ್ರಪ್ಪಾ

ನನ್ನ ತಂಗಿಯ ಮಗ ಚಾಕಣದ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರು. ಎರಡು ವರ್ಷದ ಹಿಂದೆ ಒಂದು ಹಳೇ ಕಾರು ತಂದ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2005ರದ್ದು, 1.8 ಲೀಟರ್ ಟರ್ಬೊ ಪೆಟ್ರೋಲು, ಹೊಸದಿದ್ದಾಗ 150 ಕುದುರೆ ಶಕ್ತಿ. ಅವತ್ತಿನಿಂದ ಹುಬ್ಬಳ್ಳಿಯಿಂದ ತಂಗಿಯ ಫೋನು ಶುರು. "ಅಣ್ಣಾ, ನೀನಾದ್ರೂ ಒಂದೀಟು ಬುದ್ಧಿ ಹೇಳು. ಪಗಾರ ಎಲ್ಲಾ ಆ ಗಾಡಿ ಹೊಟ್ಟಿಗೆ ಹಾಕಾಕತ್ತಾನ!"

ಬುದ್ಧಿ ಹೇಳೋಕೆ ಅಂತ ಒಂದು ನಾಲ್ಕನೇ ಶನಿವಾರ ಅವನ ರೂಮಿಗೆ ಹೋದೆ. ಹೋದವನು ಮೂರು ತಾಸು ಪಾಠ ಕೇಳಿ ಬಂದೆ. ನಾನು ಬಿ.ಕಾಂ., ಡೆಬಿಟ್ಟು ಕ್ರೆಡಿಟ್ಟು ಗೊತ್ತು, ಇಂಜಿನ್ನು ಗೊತ್ತಿಲ್ಲ. ಆದರೆ ಅವನು ಹೇಳಿದ್ದು ನನ್ನಂಥವನಿಗೂ ತಿಳಿಯುವ ಹಾಗಿತ್ತು. ನಿಮಗೂ ಹೇಳಿಬಿಡ್ತೀನಿ.

ಸೈಕಲ್ ಪಂಪನ್ನು ಜೋರಾಗಿ ಹತ್ತು ಸಲ ಒತ್ತಿ, ಅದರ ಬುಡ ಮುಟ್ಟಿ ನೋಡಿ. ಬಿಸಿ ಅಲ್ಲವಾ? ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಟರ್ಬೊ ಮಾಡುವುದೂ ಅದನ್ನೇ. ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಇನ್ನೊಂದು ಚಕ್ರದಿಂದ ಇಂಜಿನ್ನಿಗೆ ಗಾಳಿ ತುರುಕುವುದು. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಇಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಹೊರಗೆ 35 ಡಿಗ್ರಿ ಇದ್ದು, ಗಾಳಿಯ ಒತ್ತಡ ಎರಡು ಪಟ್ಟಾದರೆ, ಟರ್ಬೊದಿಂದ ಹೊರಬರುವ ಗಾಳಿ 120 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು. ಅದನ್ನು ರೇಡಿಯೇಟರಿನಂಥ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ ಅದೇ ಜಾಗದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಹಿಡಿಸುತ್ತದೆ. ಆ ಪೆಟ್ಟಿಗೆಯೇ ಇಂಟರ್‌ಕೂಲರ್.

ಇವನ ಕಾರಿನಲ್ಲಿ ಕಂಪನಿ ಕೊಟ್ಟ ಕೂಲರು ಚಿಕ್ಕದು, ಮುಂದಿನ ಚಕ್ರದ ಮುಂದೆ ಮೂಲೆಯಲ್ಲಿ ಕೂತಿರುತ್ತದೆ. ಒಂದು ಸಲ ಜೋರಾಗಿ ಓಡಿಸಿದರೆ ಸರಿ. ಎರಡನೇ ಸಲ, ಮೂರನೇ ಸಲ ಪೆಟ್ಟಿಗೆಯೇ ಕಾದುಬಿಡುತ್ತದೆ. ಆಗ ಇಂಜಿನ್ನು ಒಳಗೊಳಗೇ ಬಡಿಯತೊಡಗುತ್ತದೆ, ಅದನ್ನು ಕೇಳಿಸಿಕೊಂಡ ಕಂಪ್ಯೂಟರು ಕಿಡಿ ಹೊತ್ತಿಸುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಶಕ್ತಿ ಇಳಿಯುತ್ತದೆ. ಲ್ಯಾಪ್‌ಟಾಪ್ ಜೋಡಿಸಿ ತೋರಿಸಿದ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗುವ ಗಾಳಿ 72 ಡಿಗ್ರಿ! ಹಾಗಾಗಿ ದೊಡ್ಡ ಕೂಲರು ಬೇಕು, ಮುಂದೆ ಬಂಪರಿನ ಹಿಂದೆ ಕೂರಿಸಬೇಕು ಅಂದ. ಪುಸ್ತಕ ಸರಿ ಇದೆ, ಎಂಟ್ರಿ ತಾಳೆಯಾಗುತ್ತಿದೆ, ನಾನು ಏನು ಆಕ್ಷೇಪ ಹೇಳಲಿ? ತಂಗಿಗೆ ಫೋನ್ ಮಾಡಿ "ಹುಡುಗ ತಿಳಿದೇ ಮಾಡ್ತಿದಾನೆ ಬಿಡವ್ವಾ" ಅಂದೆ. (ಆ ಮಾತಿಗೆ ಇವತ್ತಿಗೂ ಬೈಸಿಕೊಳ್ತಾ ಇದ್ದೇನೆ.)

ಮುಂದಿನ ದೀಪಾವಳಿಗೆ ಊರಿಗೆ ಹೊರಟೆವು. ಪುಣೆಗೆ ಬಂದಿದ್ದ ತಂಗಿ ಮುಂದಿನ ಸೀಟು, ನಾನು ಹಿಂದೆ. ಖಂಬಾಟಕಿ ಘಾಟ್ ನಿಮಗೆ ಗೊತ್ತಲ್ಲ, ಪುಣೆಯಿಂದ ಊರಿಗೆ ಹೋಗುವ ಕನ್ನಡಿಗರೆಲ್ಲ ಆಗ ಹತ್ತಲೇಬೇಕಿತ್ತು. ವಾಪಸ್ ಬರುವವರಿಗೆ ಮಾತ್ರ ಸುರಂಗ ಇತ್ತು. ಲಾರಿಗಳ ನಡುವೆ ಏರುತ್ತಿದ್ದಾಗ ಬಾನೆಟ್ಟಿನಲ್ಲಿ "ಫಟ್!" ಕಪ್ಪು ಹೊಗೆ, ಗಾಡಿ ಜಗ್ಗಾಡಿ ನಿಂತೇ ಬಿಟ್ಟಿತು. ಹಿಂದೆ ಒಂದು ಟ್ಯಾಂಕರು ಬ್ರೇಕ್ ಒತ್ತಿದ ಸದ್ದು ಇನ್ನೂ ಕಿವಿಯಲ್ಲಿದೆ. ಕೂಲರಿನ ಪೈಪಿನಿಂದ ಸಿಲಿಕೋನ್ ಹೋಸು ಕಿತ್ತು ಬಂದಿತ್ತು. ಗಾಳಿ ಅಳೆಯುವ ಸೆನ್ಸರು ಇಷ್ಟು ಗಾಳಿ ಬಂತು ಅಂತ ಲೆಕ್ಕ ಕೊಡುತ್ತದೆ, ಗಾಳಿ ಹೊರಗೆ ಸೋರಿ ಹೋಗಿದೆ, ಪೆಟ್ರೋಲು ಮಾತ್ರ ಪೂರ್ತಿ ಲೆಕ್ಕದ ಪ್ರಕಾರ ಬೀಳುತ್ತಿದೆ. ಹೊಗೆ ಬರದೆ ಇನ್ನೇನು! ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿ ನಿಧಾನಕ್ಕೆ ಸಾತಾರಾ ಮುಟ್ಟಿದೆವು. ಅಲ್ಲಿಂದ ಬಸ್ಸು.

ಕಾರಣ ಏನು ಗೊತ್ತಾ? ಅಲ್ಯೂಮಿನಿಯಂ ಪೈಪಿನ ತುದಿಯಲ್ಲಿ ಸುತ್ತ ಒಂದು ಸಣ್ಣ ಉಬ್ಬು ಇರಬೇಕು, ಹೋಸು ಜಾರದ ಹಾಗೆ. ಗ್ಯಾರೇಜಿನವನು ಪೈಪನ್ನು ಸೀದಾ ಕತ್ತರಿಸಿ ಬಿಟ್ಟಿದ್ದ. ಕ್ಲಾಂಪು ನಲ್ಲಿಯ ಪೈಪಿಗೆ ಹಾಕುವಂಥದ್ದು. ಕೂಲರಿಗೆ ಎಣಿಸಿ ಕೊಟ್ಟ ದುಡ್ಡೆಲ್ಲ ನೂರು ರೂಪಾಯಿಯ ಕ್ಲಾಂಪಿನ ಹತ್ತಿರ ಬಂದು ನಿಂತಿತ್ತು.

ಅದನ್ನಾದರೂ ಕ್ಷಮಿಸಬಹುದು. ಹಬ್ಬ ಮುಗಿಸಿ ಬಂದ ಮೇಲೆ ಭೋಸರಿಯ ಬೇರೊಂದು ಗ್ಯಾರೇಜಿನಲ್ಲಿ ಬಂಪರು ಬಿಚ್ಚಿಸಿದೆವು. ಪ್ಲಾಸ್ಟಿಕ್ ಬಂಪರಿನ ಹಿಂದೆ ಅಡ್ಡಕ್ಕೆ ಒಂದು ಉಕ್ಕಿನ ತೊಲೆ ಇರುತ್ತದೆ, ನಿಮ್ಮ ಕಾರಿನಲ್ಲೂ ಇದೆ. ಡಿಕ್ಕಿಯಾದರೆ ಆ ಪೆಟ್ಟನ್ನು ಎರಡೂ ಬದಿಯ ಚಾಸಿಸ್ ಬಾಹುಗಳಿಗೆ ಹಂಚುವುದು ಅದರ ಕೆಲಸ. ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಎನ್ನುವ ಲೆಕ್ಕ ಕೂಡ ಮುಂಭಾಗ ಹೇಗೆ ಮುದುಡುತ್ತದೆ ಅನ್ನುವುದರ ಮೇಲೆ ನಿಂತಿರುತ್ತದೆ. ನಮ್ಮ ಗಾಡಿಯಲ್ಲಿ ಆ ತೊಲೆಯ ನಡುಭಾಗವನ್ನು ಗ್ರೈಂಡರ್ ಹಾಕಿ ಅರ್ಧ ಕೊಯ್ದು ಹಾಕಿದ್ದರು. ದೊಡ್ಡ ಕೂಲರಿಗೆ ಜಾಗ ಸಾಲಲಿಲ್ಲವಂತೆ!

"ನಿನಗೆ ಗೊತ್ತಿತ್ತೇನೋ?" ಅಂತ ಕೇಳಿದೆ.

"ಮಾಮಾ, ಎಲ್ಲಾರೂ ಕೊಯ್ತಾರ."

"ನಿಮ್ಮವ್ವನ್ನ ಮುಂದಿನ ಸೀಟಿನ್ಯಾಗ ಕೂಡ್ರಿಸಿದ್ದೆಲ್ಲೋ!"

ಹುಡುಗ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಒಂದು ಚಹಾ ಕುಡಿದೆವು.

ನನ್ನ ತಕರಾರು ಇಷ್ಟೇ. ಹುಡುಗರು ಗಾಡಿಗೆ ದುಡ್ಡು ಸುರಿಯುವುದಕ್ಕೆ ನನ್ನ ವಿರೋಧ ಇಲ್ಲ. ನಮ್ಮ ಕಾಲದಲ್ಲಿ ಕೆಲವರು ಇಸ್ಪೀಟಿಗೆ ಸುರಿದರು, ಇವರು ಕಲಿಯುವುದಾದರೂ ಕಲಿಯುತ್ತಾರೆ. ಆದರೆ "ಕಸ್ಟಮ್" ಅಂದರೆ ಗಾಡಿಯ ಅಳತೆಗೆ ಹೊಲಿದದ್ದು ಅಂತ ಅರ್ಥ, ದರ್ಜಿ ಹೊಲಿದ ಅಂಗಿಯ ಹಾಗೆ. ಸಿಕ್ಕ ದೊಡ್ಡ ಅಂಗಿ ತಂದು ತೋಳು ಕುಯ್ಯುವುದು ಯಾವ ಕಸ್ಟಮ್ಮು? ದೊಡ್ಡ ಕೂಲರಿನಿಂದ ಬರೀ ಲಾಭವೂ ಇಲ್ಲ. ಅದರ ಹೊಟ್ಟೆ ತುಂಬಿದ ಮೇಲೇ ಇಂಜಿನ್ನಿಗೆ ಒತ್ತಡ ಮುಟ್ಟುವುದು, ಹಾಗಾಗಿ ಕಾಲು ಒತ್ತಿದರೆ ಉತ್ತರ ತಡ. ಒಳಗಿನ ದಾರಿ ಇಕ್ಕಟ್ಟಾಗಿದ್ದರೆ ಒತ್ತಡ ಅಲ್ಲೇ ಸೋರುತ್ತದೆ. ಮುಂದೆ ಪೂರ್ತಿ ಅಡ್ಡ ನಿಂತರೆ ಎಸಿಗೂ ರೇಡಿಯೇಟರಿಗೂ ಗಾಳಿ ಕಡಿಮೆ. ಸಂಜೆ ಏಳಕ್ಕೆ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ನಿಂತು ನೋಡಿ, ಆಮೇಲೆ ಹೇಳಿ.

ಭೋಸರಿಯ ಮಿಸ್ತ್ರಿ ಒಬ್ಬ ಸಿಕ್ಕಿದ, ಆರ್ಗಾನ್ ವೆಲ್ಡಿಂಗ್ ಮಾಡುವವ. ಅಲ್ಯೂಮಿನಿಯಂ ಬೆಸುಗೆ ನೋಡಿದರೆ ನಾಣ್ಯ ಜೋಡಿಸಿಟ್ಟ ಹಾಗೆ. ಮೊದಲು ರಟ್ಟು ಕತ್ತರಿಸಿ ಕೂಲರಿನ ಆಕಾರ ಮಾಡಿ, ತೊಲೆಯ ಕೆಳಗೆ ಬಂಪರಿನ ಕಿಂಡಿಯ ಎದುರು ಹಿಡಿದು ನೋಡಿದ. ಎತ್ತರ ಕಡಿಮೆ, ಉದ್ದ ಹೆಚ್ಚು, ಅಷ್ಟೇ ಹಿಡಿಸುತ್ತದೆ ಅಂದ. ಪೈಪಿನ ತುದಿಗಳಿಗೆ ಉಬ್ಬು, ಬೋಲ್ಟ್ ಇರುವ ಅಗಲ ಕ್ಲಾಂಪು. ಜೋಡಿಸಿದ ಮೇಲೆ ಒಂದು ಬಾಯಿ ಮುಚ್ಚಿ ಕಂಪ್ರೆಸರಿನಿಂದ ಗಾಳಿ ತುಂಬಿ, ಸಾಬೂನು ನೀರು ಸಿಂಪಡಿಸಿ ಗುಳ್ಳೆ ಹುಡುಕಿದ. ಒಂದು ಕಡೆ ಗುಳ್ಳೆ ಬಂತು, ಬಿಚ್ಚಿ ಮತ್ತೆ ಬೆಸೆದ. ಅವನು ಕೇಳಿದ ಕೂಲಿಗೆ ನಾನು ಚೌಕಾಸಿ ಮಾಡಲಿಲ್ಲ, ನನ್ನ ಹೆಂಡತಿ ಇದನ್ನು ನಂಬುವುದಿಲ್ಲ. ತೊಲೆ ಹೊಸದು ಹಾಕಿಸಿದ್ದು ನನ್ನ ಖರ್ಚಿನಲ್ಲಿ, ಅದೊಂದೇ ನನ್ನ ಷರತ್ತು.

ಇನ್ನು ಕಾನೂನಿನ ಮಾತು. ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇಂಟರ್‌ಕೂಲರಿನ ಅಳತೆಯನ್ನು ಆರ್‌ಸಿಯಲ್ಲಿ ಬರೆದಿರುವುದಿಲ್ಲ, ನಿಜ. ಆದರೆ ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರು ಬಾನೆಟ್ ಎತ್ತಿ ನೋಡುತ್ತಾನೆ. ಮುಚ್ಚಿಟ್ಟ ಬದಲಾವಣೆ ಸಾಲದ ಅರ್ಜಿಯಲ್ಲಿ ಮುಚ್ಚಿಟ್ಟ ಹಳೇ ಸಾಲದ ಹಾಗೆ, ಬೇಡದ ದಿನವೇ ಹೊರಬೀಳುತ್ತದೆ. ಬರೆದು ತಿಳಿಸು ಅಂದೆ. ಹುಡುಗ ಗೊಣಗಿದ. ಪತ್ರ ನಾನೇ ಡ್ರಾಫ್ಟ್ ಮಾಡಿಕೊಟ್ಟೆ, ಮೂವತ್ತು ವರ್ಷದ ಅಭ್ಯಾಸ.

ಹೋದ ಮೇ ತಿಂಗಳಲ್ಲಿ ಮತ್ತೆ ಲ್ಯಾಪ್‌ಟಾಪ್ ಜೋಡಿಸಿದ. ಅದೇ ರಸ್ತೆ, ಅದೇ ಮಧ್ಯಾಹ್ನ. ಮೂರನೇ ಸಲವೂ 47 ಡಿಗ್ರಿ. ಕೊಯ್ದು ಕೂರಿಸಿದ್ದ ದೊಡ್ಡದು 44 ತೋರಿಸುತ್ತಿತ್ತಂತೆ. ಆ ಮೂರು ಡಿಗ್ರಿಗೆ ಅವನಿಗೆ ಇನ್ನೂ ಸ್ವಲ್ಪ ಬೇಜಾರಿದೆ. ತಂಗಿ ಆ ಕಾರಿನಲ್ಲಿ ಮುಂದೆ ಕೂರುವುದಿಲ್ಲ, ಹಿಂದೆ ಕೂರುತ್ತಾಳೆ. ಇನ್ಶೂರೆನ್ಸಿನವರಿಂದ ಉತ್ತರ ಇನ್ನೂ ಬಂದಿಲ್ಲ, ಎರಡು ರಿಮೈಂಡರ್ ಹೋಗಿದೆ. ಬಂದರೆ ಇಲ್ಲೇ ಬರೆಯುತ್ತೇನೆ.