ಜೋಡಿ ಮಾತ್ರೆಗೆ ಮೆಡಿಕಲ್ ಶಾಪೇ ಪ್ರಯೋಗಶಾಲೆಯೇ?

ಹೊಸ ಆ್ಯಂಟಿಬಯೋಟಿಕ್ ಜೋಡಿಯನ್ನು ಮೊದಲ ಸಲ ನುಂಗುವವರು ರೋಗಿಗಳಲ್ಲ, ಗಟ್ಟಿಮುಟ್ಟಾದ ಸ್ವಯಂಸೇವಕರು. ಸಹಿ ಹಾಕಿ, ರಾತ್ರಿಯಿಡೀ ಉಪವಾಸವಿದ್ದು, ಬೆಳಿಗ್ಗೆ ಅಳತೆಯ ನೀರಿನಲ್ಲಿ ಮಾತ್ರೆ ನುಂಗುತ್ತಾರೆ. ನಾಲಿಗೆಯಡಿ ಅಡಗಿಸಿದ್ದಾರೆಯೇ ಎಂದು ಸಿಬ್ಬಂದಿ ಬಾಯೊಳಗೆ ಟಾರ್ಚ್ ಬಿಡುತ್ತಾರೆ. ಆಮೇಲೆ ಮತ್ತೆ ಮತ್ತೆ ರಕ್ತ, ಇಸಿಜಿ, ಲಿವರ್ ಪರೀಕ್ಷೆ, ಎಷ್ಟು ಸಲ ಭೇದಿಯಾಯಿತೆಂಬ ಲೆಕ್ಕ. ಮೊದಲು ಒಂದೊಂದೇ ಔಷಧ, ಆಮೇಲೆ ಎರಡೂ ಒಟ್ಟಿಗೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕ ಒಪ್ಪಿದ ಸುಲೋಪೆನೆಮ್–ಪ್ರೊಬೆನೆಸಿಡ್ ಮಾತ್ರೆಯೂ ಆರೋಗ್ಯವಂತರನ್ನು ದಾಟಿಯೇ ರೋಗಿಗಳ ಬಳಿ ಬಂದದ್ದು.

ಭಾರತದಲ್ಲಿ?

ಇಲ್ಲಿ ಒಂದು ಕತ್ತರಿ ಸಾಕು. ಜ್ವರವೆಂದು ಬಂದ ಗಾರೆ ಕೆಲಸದವನಿಗೆ ಅಂಗಡಿಯವ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಔಷಧದ ಹೆಸರು ಅರ್ಧ ಅವನ ಕೈಗೆ, ಇನ್ನರ್ಧ ಡಬ್ಬಿಗೆ. 2007ರಿಂದ 2012ರವರೆಗೆ ದೇಶದಲ್ಲಿ ಮಾರಾಟವಾದ 118 ಬಗೆಯ ಆ್ಯಂಟಿಬಯೋಟಿಕ್ ಮಿಶ್ರಣಗಳಲ್ಲಿ 75ಕ್ಕೆ ಕೇಂದ್ರದ ಒಪ್ಪಿಗೆಯ ದಾಖಲೆಯೇ ಇರಲಿಲ್ಲವೆಂದು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಬರೆದರು. ಎಪ್ಪತ್ತೈದು! ಅವನ್ನು ನುಂಗಿದ ಗಾರೆಯವನ ರಕ್ತ ತೆಗೆದವರು ಯಾರು, ಭೇದಿ ಎಣಿಸಿದವರು ಯಾರು?

ಸೆಫಿಕ್ಸಿಮ್‌ಗೆ ಅಜಿತ್ರೋಮೈಸಿನ್ ಕಟ್ಟಿದ ಮಾತ್ರೆಯನ್ನೇ ನೋಡಿ. ಮೊದಲನೆಯದು ಮೂರ್ನಾಲ್ಕು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಎರಡನೆಯದಕ್ಕೆ ಎರಡೂವರೆ ದಿನವೂ ಸಾಲದು. ಎತ್ತು ಏರಿಗೆ, ಕೋಣ ನೀರಿಗೆ. ಸಾಲದೆಂಬಂತೆ ಅಜಿತ್ರೋಮೈಸಿನ್ ಕೆಲವರ ಹೃದಯದ ಲಯವನ್ನೂ ಕೆಡಿಸಬಲ್ಲದು.

“ಇಷ್ಟು ವರ್ಷ ಯಾರಿಗೇನಾಗಿದೆ?” ಎಂಬುದು ಮಾರುವವರ ವಾದ. ಅಹುದಹುದು, ಲೆಕ್ಕವನ್ನೇ ಇಡದವರಿಗೆ ನಷ್ಟ ಕಾಣುವುದೆಲ್ಲಿಂದ! 2016ರ ಮಾರ್ಚ್‌ನಲ್ಲಿ ಸರ್ಕಾರ 344 ಮಿಶ್ರಣ ಔಷಧಗಳನ್ನು ನಿಷೇಧಿಸಿದಾಗ (ಎಲ್ಲವೂ ಆ್ಯಂಟಿಬಯೋಟಿಕ್ ಅಲ್ಲ, ಒಪ್ಪೋಣ) ಕಂಪನಿಗಳು ದೆಹಲಿ ಹೈಕೋರ್ಟಿಗೆ ಓಡಿ ಡಿಸೆಂಬರ್‌ನಲ್ಲಿ ಆದೇಶವನ್ನೇ ರದ್ದು ಮಾಡಿಸಿಕೊಂಡವು. 2018ರಲ್ಲಿ ಮತ್ತೆ 328ಕ್ಕೆ ನಿಷೇಧ, 2024ರ ಆಗಸ್ಟ್‌ನಲ್ಲಿ ಇನ್ನೂ 156ಕ್ಕೆ. ಮಾರಿದ ಮೇಲೆ ನಿಷೇಧ, ನುಂಗಿದ ಮೇಲೆ ಎಚ್ಚರ.

ಇನ್ನು “ಬಡವರೇನು ಪ್ರಯೋಗದ ಇಲಿಗಳೇ?” ಎಂದು ಪರೀಕ್ಷಾ ಕೇಂದ್ರಗಳ ಮುಂದೆ ಫಲಕ ಹಿಡಿಯುವ ಮಹನೀಯರು. ಪ್ರಶ್ನೆ ಸರಿ, ನಿಂತ ಬಾಗಿಲು ತಪ್ಪು. ಒಳಗಿನ ಸ್ವಯಂಸೇವಕನಿಗೆ ಏನಾದರೂ ಆದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳಲ್ಲಿ ಬರೆದಿದೆ. ಪಾಲನೆ ಎಷ್ಟೆಂಬುದು ಬೇರೆ ಜಗಳ. ಬೇಡವೆನಿಸಿದರೆ ಅವನು ನಡುವೆಯೇ ಎದ್ದು ಮನೆಗೆ ಹೋಗಬಹುದು. ಗಾರೆಯವನಿಗೆ ತಾನು ಪರೀಕ್ಷೆಗೆ ಕೂತಿದ್ದೇನೆಂಬುದೇ ಗೊತ್ತಿಲ್ಲ!

ಆರೋಗ್ಯವಂತರ ಮೇಲಿನ ಪರೀಕ್ಷೆಯ ವರದಿಯಿಲ್ಲದ ಹೊಸ ಜೋಡಿಗೆ ಲೈಸೆನ್ಸ್ ಕೊಡಕೂಡದು. ಇರುವ ವರದಿಗಳು ಕಚೇರಿಯ ಕಪಾಟಿನಿಂದ ಹೊರಬರಲಿ. ಅಲ್ಲಿಯತನಕ ಗಿರಾಕಿಗಳು ಕತ್ತರಿ ಆಡುವ ಮುನ್ನವೇ ಪೂರ್ತಿ ಸ್ಟ್ರಿಪ್ ಕೈಗೆ ತೆಗೆದುಕೊಂಡು, ಹಿಂಬದಿಯ ಔಷಧದ ಹೆಸರುಗಳನ್ನು ಗಟ್ಟಿಯಾಗಿ ಓದಲಿ.