ಮೊದಲ ರೇಸ್ ಕಾರುಗಳ ಕಥೆ: ಊರಿಂದೂರಿಗೆ ಓಡುವ ರೇಸನ್ನು ಫ್ರಾನ್ಸ್ ನಿಲ್ಲಿಸಿದ್ದೇಕೆ?

ಕಪ್ಪು-ಬಿಳುಪಿನ ಹಳೆಯ ಫೋಟೊ. ಮೇಲ್ಛಾವಣಿ ಇಲ್ಲದ ಕಾರು, ದೂಳು ಮೆತ್ತಿದ ಕೋಟು ತೊಟ್ಟ ಚಾಲಕ. ಕೆಳಗೊಂದು ಸಾಲು: ‘ಆಗ ಹೆಲ್ಮೆಟ್ ಇರಲಿಲ್ಲ, ಸೀಟ್‌ಬೆಲ್ಟ್ ಇರಲಿಲ್ಲ, ಧೈರ್ಯ ಇತ್ತು.’ ಇಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದರ ಬೆನ್ನಿಗೇ ಹೆದ್ದಾರಿಯಲ್ಲಿ ಬೈಕ್ ಓಡಿಸುವ ಹುಡುಗರ ರೀಲ್ಸ್ ಕೂಡ ಬಂದಿರಬಹುದು.

ಫೋಟೊ ನಿಜವಿರಬಹುದು. ಆದರೆ ಆ ಧೈರ್ಯದ ಕಥೆ ಮುಂದೇನಾಯಿತು ಎಂಬುದನ್ನು ಸಂದೇಶ ಹೇಳುವುದಿಲ್ಲ. ಒಂದೊಂದಾಗಿ ನೋಡೋಣ.

ಕಾರು ಕಂಡುಹಿಡಿದದ್ದು ಫ್ರೆಂಚರೇ?

ಪೂರ್ತಿ ಸರಿಯಲ್ಲ. ಪೆಟ್ರೋಲ್ ಎಂಜಿನ್ನಿನ ಕಾರಿಗೆ 1886ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ಕಾರ್ಲ್ ಬೆಂಝ್. ಅದೇ ಕಾಲದಲ್ಲಿ ಜರ್ಮನಿಯಲ್ಲೇ ಗೋಟ್ಲೀಬ್ ಡೈಮ್ಲರ್ ಕೂಡ ಎಂಜಿನ್ ತಯಾರಿಸಿದ್ದರು. ಡೈಮ್ಲರ್ ಎಂಜಿನ್ನನ್ನು ಫ್ರಾನ್ಸ್‌ನಲ್ಲಿ ತಯಾರಿಸುವ ಹಕ್ಕು ಲೂಯಿಸ್ ಸರಾಜ್ಞ್ ಎಂಬ ಮಹಿಳೆಯ ಬಳಿ ಇತ್ತು. ಅವರು ಆಮೇಲೆ ಎಮಿಲ್ ಲೆವಾಸೋರ್ ಎಂಬ ಎಂಜಿನಿಯರನ್ನು ಮದುವೆಯಾದರು. ಹೀಗೆ ಆ ಎಂಜಿನ್ ‘ಪನಾರ್-ಲೆವಾಸೋರ್’ ಕಂಪನಿಯ ಕೈಸೇರಿತು.

ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್ ಮತ್ತು ಗೇರ್‌ಬಾಕ್ಸ್, ಶಕ್ತಿ ಹಿಂದಿನ ಚಕ್ರಗಳಿಗೆ: ಈ ಜೋಡಣೆಯನ್ನು ರೂಢಿಗೆ ತಂದವರು ಲೆವಾಸೋರ್. ಮುಂದೆ ಹಲವು ದಶಕ ಜಗತ್ತಿನ ಬಹುಪಾಲು ಕಾರುಗಳು ಇದೇ ಮಾದರಿಯಲ್ಲಿ ಬಂದವು. ಅಂದರೆ ಎಂಜಿನ್ ಜರ್ಮನಿಯದು. ಅದನ್ನು ಉದ್ಯಮವಾಗಿಸಿ, ರಸ್ತೆಗಿಳಿಸಿ, ಸ್ಪರ್ಧೆಗೂ ಒಡ್ಡಿದ್ದು ಫ್ರಾನ್ಸ್.

ಮೊದಲು ತಲುಪಿದವರೇ ಗೆದ್ದರೇ?

ಇಲ್ಲ. 1894ರ ಜುಲೈ 22ರಂದು ‘ಲ ಪೆತಿ ಜೂರ್ನಾಲ್’ ಪತ್ರಿಕೆ ಪ್ಯಾರಿಸ್‌ನಿಂದ ರೂಆನ್‌ಗೆ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ ನಡೆಸಿತು. ದೂರ ಸುಮಾರು 126 ಕಿ.ಮೀ., ಬೆಂಗಳೂರಿನಿಂದ ಮುಳಬಾಗಿಲಿಗಿಂತ ಹೆಚ್ಚು. ಮೊದಲು ತಲುಪಿದ್ದು ಕೌಂಟ್ ದ ದಿಯೋನ್ ಅವರ ಉಗಿ ಗಾಡಿ. ಸರಾಸರಿ ವೇಗ ಗಂಟೆಗೆ ಸುಮಾರು 19 ಕಿ.ಮೀ. ಆದರೆ ಮೊದಲ ಬಹುಮಾನ ಸಿಕ್ಕಿದ್ದು ಪನಾರ್-ಲೆವಾಸೋರ್ ಮತ್ತು ಪೂಜೊ ಕಂಪನಿಗಳಿಗೆ. ಉಗಿ ಗಾಡಿಗೆ ಬೆಂಕಿ ಹಾಕಲು ಇನ್ನೊಬ್ಬ ಆಳು ಬೇಕಿತ್ತು. ಗಾಡಿ ಸುರಕ್ಷಿತವಾಗಿರಬೇಕು, ಸುಲಭವಾಗಿ ಓಡಬೇಕು, ಖರ್ಚು ಕಡಿಮೆ ಇರಬೇಕು ಎಂಬುದು ಸ್ಪರ್ಧೆಯ ನಿಯಮ. ವೇಗ ಅಲ್ಲಿ ಮುಖ್ಯವಾಗಿರಲೇ ಇಲ್ಲ.

ಮರುವರ್ಷವೇ ಎಲ್ಲ ಬದಲಾಯಿತು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಸ್ಪರ್ಧೆ ನಿಜವಾದ ರೇಸ್. ದೂರ 1,178 ಕಿ.ಮೀ., ಬೆಂಗಳೂರಿನಿಂದ ಮುಂಬೈಗಿಂತಲೂ ಹೆಚ್ಚು. ಲೆವಾಸೋರ್ ಬಹುಪಾಲು ದಾರಿ ತಾವೇ ಓಡಿಸಿ 48 ಗಂಟೆ 48 ನಿಮಿಷದಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ 24 ಕಿ.ಮೀ. ಅವರ ಕಾರಿನಲ್ಲಿ ಎರಡೇ ಸೀಟು ಇದ್ದುದರಿಂದ ಮೊದಲ ಬಹುಮಾನ ಅವರಿಗೂ ಸಿಗಲಿಲ್ಲ. ಅದೇ ರೇಸಿನಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟೈರ್ ಹಾಕಿ ಕಾರು ಓಡಿಸಿದರು. ಮತ್ತೆ ಮತ್ತೆ ಪಂಕ್ಚರ್ ಆಯಿತು. ಆದರೂ ಗಾಳಿಯ ಟೈರ್ ಕಾರಿನ ಭಾರ ಹೊರಬಲ್ಲದು ಎಂಬುದು ಖಚಿತವಾಯಿತು. ಇಂದು ನಮ್ಮ ಸ್ಕೂಟರ್, ಟ್ರ್ಯಾಕ್ಟರ್, ಬಸ್ಸು ಎಲ್ಲ ಓಡುವುದು ಅಂಥ ಟೈರಿನ ಮೇಲೆಯೇ.

ಎಲೆಕ್ಟ್ರಿಕ್ ಕಾರು ಈಗಿನ ಕಾಲದ್ದೇ?

ಇದೂ ತಪ್ಪು. ಗಂಟೆಗೆ 100 ಕಿ.ಮೀ. ದಾಟಿದ ಮೊದಲ ಕಾರು ಪೆಟ್ರೋಲ್ ಕಾರಲ್ಲ, ಬ್ಯಾಟರಿ ಕಾರು. 1899ರಲ್ಲಿ ಪ್ಯಾರಿಸ್ ಬಳಿಯ ಆಶೇರ್‌ನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ‘ಲ ಜಾಮೆ ಕೊಂತಾಂತ್’ ಎಂಬ ಕಾರನ್ನು ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಓಡಿಸಿದರು. ಹೆಸರಿನ ಅರ್ಥ ‘ಎಂದೂ ತೃಪ್ತಳಾಗದವಳು’. ಇದಾದ ಮೂರೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ‘ರೇವಾ’ ಎಲೆಕ್ಟ್ರಿಕ್ ಕಾರು ಮಾರುಕಟ್ಟೆಗೆ ಬರಲು 2001 ಆಗಬೇಕಾಯಿತು. ಬ್ಯಾಟರಿಯ ಭಾರ ಹೆಚ್ಚು, ಒಂದು ಚಾರ್ಜಿಗೆ ಓಡುವ ದೂರ ಕಡಿಮೆ. ಹಾಗಾಗಿ ಊರಿಂದೂರಿಗೆ ಓಡುವ ರೇಸಿನಲ್ಲಿ ಪೆಟ್ರೋಲ್ ಮುಂದೆ ಹೋಯಿತು.

1903ರ ಆ ದಿನ

ವೇಗ ಏರುತ್ತಲೇ ಹೋಯಿತು. ಲೆವಾಸೋರ್ 1896ರ ಪ್ಯಾರಿಸ್–ಮಾರ್ಸೆ ರೇಸಿನಲ್ಲಿ ಕಾರು ಮಗುಚಿ ಗಾಯಗೊಂಡರು, ಮರುವರ್ಷ ತೀರಿಕೊಂಡರು. ಆದರೂ ರೇಸ್ ನಿಲ್ಲಲಿಲ್ಲ.

1903ರ ಮೇ 24ರ ನಸುಕಿನಲ್ಲಿ ವರ್ಸಾಯ್‌ನಿಂದ ಪ್ಯಾರಿಸ್–ಮ್ಯಾಡ್ರಿಡ್ ರೇಸ್ ಹೊರಟಿತು. 200ಕ್ಕೂ ಹೆಚ್ಚು ವಾಹನಗಳು. ಮಣ್ಣಿನ ರಸ್ತೆ, ಮುಂದಿನ ಕಾರು ಎಬ್ಬಿಸಿದ ದೂಳಿನಲ್ಲಿ ಹಿಂದಿನವನಿಗೆ ದಾರಿ ಕಾಣದು. ಇಕ್ಕೆಲಗಳಲ್ಲೂ ಜನ. ಎಷ್ಟೋ ಮಂದಿ ರಸ್ತೆಯಲ್ಲೇ ನಿಂತು, ಕಾರು ಹತ್ತಿರ ಬಂದಾಗ ಸರಿಯುತ್ತಿದ್ದರು. ಬೋರ್ಡೊ ತಲುಪುವಷ್ಟರಲ್ಲಿ ಚಾಲಕರು, ಮೆಕ್ಯಾನಿಕ್‌ಗಳು, ನೋಡಲು ಬಂದವರು ಸೇರಿ ಹಲವರಿಗೆ ಸಾವಿನ ಏಟು ಬಿದ್ದಿತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕ ಕನಿಷ್ಠ 8. ಅವರಲ್ಲಿ ರೆನೋ ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಕೂಡ ಇದ್ದರು. ಅದೇ ರೇಸಿನಲ್ಲಿ ಓಡುತ್ತಿದ್ದ ತಮ್ಮ ಲೂಯಿ, ಅಣ್ಣನ ಸುದ್ದಿ ಕೇಳಿ ಹಿಂದೆ ಸರಿದರು.

ಸರ್ಕಾರ ಬೋರ್ಡೊದಲ್ಲೇ ರೇಸ್ ನಿಲ್ಲಿಸಿತು. ಕಾರುಗಳನ್ನು ಕುದುರೆಗಳಿಂದ ಎಳೆಸಿ ರೈಲ್ವೆ ನಿಲ್ದಾಣಕ್ಕೆ ಸಾಗಿಸಲಾಯಿತು. ಅಲ್ಲಿಯವರೆಗಿನ ಓಟದಲ್ಲಿ ಗೆದ್ದ ಫೆರ್ನಾನ್ ಗಾಬ್ರಿಯೆಲ್ ಅವರ ಸರಾಸರಿ ವೇಗ ಗಂಟೆಗೆ ಸುಮಾರು 105 ಕಿ.ಮೀ.

ತಪ್ಪಿದ್ದು ಎಲ್ಲಿ?

ಲೆಕ್ಕ ಸರಳ. 8 ವರ್ಷದಲ್ಲಿ ಸರಾಸರಿ ವೇಗ 24ರಿಂದ 105ಕ್ಕೆ, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಏರಿತು. ಆದರೆ ಡಿಕ್ಕಿಯ ಶಕ್ತಿ ಏರುವುದು ವೇಗದ ವರ್ಗದಂತೆ. ಒಂದೇ ತೂಕದ ಕಾರಾದರೂ ಅದು ಸುಮಾರು 19 ಪಟ್ಟಾಗುತ್ತದೆ.

ಅಪಾಯ ಕಂಡು ಬ್ರೇಕ್ ಒತ್ತಲು ನಮಗೆ ಒಂದೂವರೆ ಸೆಕೆಂಡ್ ಬೇಕು ಎಂದುಕೊಳ್ಳಿ. 24ರ ವೇಗದಲ್ಲಿ ಅಷ್ಟರೊಳಗೆ ಗಾಡಿ 10 ಮೀಟರ್ ಹೋಗಿರುತ್ತದೆ. 105ರ ವೇಗದಲ್ಲಿ 44 ಮೀಟರ್. ಬ್ರೇಕ್ ಹಿಡಿಯುವುದು ಅದಾದ ಮೇಲೆ. ಆಗಿನ ಕಾರುಗಳಿಗೆ ಮುಂದಿನ ಚಕ್ರಕ್ಕೆ ಬ್ರೇಕೇ ಇರುತ್ತಿರಲಿಲ್ಲ. ಎಂಜಿನ್ ಬೆಳೆದಷ್ಟು ಬೇಗ ಬ್ರೇಕ್ ಬೆಳೆಯಲಿಲ್ಲ, ರಸ್ತೆ ಬೆಳೆಯಲಿಲ್ಲ. ಮನುಷ್ಯನ ಕಣ್ಣು-ಕೈ ಅಂದೂ ಇಂದೂ ಒಂದೇ.

ಆ ಮೇಲೆ ರೇಸ್ ಸತ್ತುಹೋಯಿತೇ? ಇಲ್ಲ, ಜಾಗ ಬದಲಿಸಿತು. 1906ರ ಜೂನ್‌ನಲ್ಲಿ ಲ ಮಾನ್ಸ್ ಬಳಿ ಮೊದಲ ಫ್ರೆಂಚ್ ಗ್ರಾಂಪ್ರಿ ನಡೆದಾಗ ಸುಮಾರು 103 ಕಿ.ಮೀ. ಸುತ್ತಳತೆಯ ರಸ್ತೆಯನ್ನು ಸಂಚಾರಕ್ಕೆ ಮುಚ್ಚಿ, ಜನ ನುಗ್ಗದಂತೆ ಬೇಲಿ ಕಟ್ಟಿದ್ದರು. ಗೆದ್ದವರು ರೆನೋ ಕಾರಿನ ಫೆರೆಂಕ್ ಸಿಸ್. ಬಿಚ್ಚಿ ಬದಲಿಸುವ ಮಿಶೆಲಿನ್ ರಿಮ್‌ನಿಂದಾಗಿ ಟೈರ್ ಬದಲಿಸಲು ಅವರಿಗೆ ಕೆಲವೇ ನಿಮಿಷ ಸಾಕಾಯಿತು.

ನಮ್ಮ ರಸ್ತೆಗೆ ಇದರಿಂದೇನು?

ಕೋಲಾರ–ಮುಳಬಾಗಿಲು ನಡುವೆ ರಾಷ್ಟ್ರೀಯ ಹೆದ್ದಾರಿ 75 ಇದೆ. ಮಾಲೂರು, ಕೆಜಿಎಫ್ ಕಡೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದಿದೆ. ದೇವರಾಯಸಮುದ್ರದಂಥ ಊರಿನವರಿಗೆ ಹೆದ್ದಾರಿ ಎಂದರೆ ಹಾಲಿನ ಕ್ಯಾನ್ ಹೊತ್ತ ಬೈಕು, ಟೊಮೆಟೊ ಸಾಗಿಸುವ ಗಾಡಿ, ಶಾಲೆಯ ಮಕ್ಕಳು, ದಾಟಿ ಹೋಗುವ ಹಸು. 1903ರ ರಸ್ತೆಯಲ್ಲೂ ಹೀಗೆಯೇ ಜನ ಇದ್ದರು.

ಕಾನೂನೂ ಸ್ಪಷ್ಟ. ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ.

ಆ ಚಾಲಕರಿಗೆ ಧೈರ್ಯ ಇತ್ತು, ಸುಳ್ಳಲ್ಲ. ಮಾರ್ಸೆಲ್ ರೆನೋ ಅವರಿಗೂ ಇತ್ತು. ಮುಂದಿನ ಸಲ ಆ ಫೋಟೊ ಬಂದರೆ, ಫಾರ್ವರ್ಡ್ ಮಾಡುವಾಗ ಈ ಅರ್ಧ ಕಥೆಯನ್ನೂ ಜೊತೆಗೆ ಕಳಿಸಿ.