ನೀರಿಗೆ ನ್ಯಾಯಮಂಡಳಿ, ಮುಳುಗಡೆಯವರಿಗೆ ಯಾರು?

ನಾಗಾರ್ಜುನಸಾಗರದ ಹಿನ್ನೀರಿನಿಂದ ಎತ್ತಿದ ಕೃಷ್ಣಾ ನೀರು 2004ರಲ್ಲಿ ಸಾಹೇಬ್‌ನಗರದ ಜಲಾಗಾರ ಮುಟ್ಟಿದಾಗ, ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕಾಯುತ್ತಿದ್ದ ನಗರದ ಈ ಭಾಗದವರಿಗೆಲ್ಲ ದೊಡ್ಡ ನೆಮ್ಮದಿಯಾಯಿತು. ದಿಲ್‌ಸುಖ್‌ನಗರದ ಕನ್ನಡಿಗರಿಗೆ ಅದರಲ್ಲಿ ಇನ್ನೊಂದು ಸಂತೋಷವೂ ಇತ್ತು, ಇದು ನಮ್ಮೂರ ಹೊಳೆಯ ನೀರು ಎಂದು. ಆ ನೀರು ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ ದಾಟಿ ಬರುತ್ತದೆ. ಈ ಒಂದೊಂದು ಅಣೆಕಟ್ಟಿನ ಹಿಂದೆಯೂ ಊರು ಬಿಟ್ಟವರಿದ್ದಾರೆ. ಕನ್ನಡದಲ್ಲಿ ನಾವು ಮುಳುಗಡೆ ಎನ್ನುವುದನ್ನು ಪಕ್ಕದ ಮನೆಯ ತೆಲುಗರು ಮುಂಪು ಎನ್ನುತ್ತಾರೆ. ಸಂಕಟ ಒಂದೇ.

ಈ ಮಾತು ಈಗ ಏಕೆಂದರೆ, ಆಲಮಟ್ಟಿಯಲ್ಲಿ ಇನ್ನೊಂದು ದೊಡ್ಡ ಮುಳುಗಡೆಗೆ ಸಿದ್ಧತೆ ನಡೆದಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಇದರಿಂದ 75 ಸಾವಿರ ಎಕರೆಗೂ ಹೆಚ್ಚು ಭೂಮಿ, ಇಪ್ಪತ್ತು ಹಳ್ಳಿ ಹಾಗೂ ಬಾಗಲಕೋಟೆ ಪಟ್ಟಣದ ಇನ್ನಷ್ಟು ಭಾಗ ನೀರು ಪಾಲಾಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ತೀರ್ಮಾನಿಸಿತು. ತೀರ್ಪು ಬಂದು ಹದಿನೈದು ವರ್ಷವಾಗುತ್ತ ಬಂದಿದ್ದ ಆ ಹೊತ್ತಿಗೂ ಕೇಂದ್ರದ ಅಧಿಸೂಚನೆ ಹೊರಟಿರಲಿಲ್ಲ. ರಾಜ್ಯಗಳ ತಕರಾರು ಸುಪ್ರೀಂ ಕೋರ್ಟಿನಲ್ಲಿತ್ತು. ಇಂದು ಹೋಗುತ್ತದೋ ನಾಳೆ ಹೋಗುತ್ತದೋ ಎಂಬ ಊರಿನಲ್ಲಿ ಯಾರು ಮನೆ ಕಟ್ಟುತ್ತಾರೆ, ಯಾರು ಬಾವಿ ತೋಡುತ್ತಾರೆ, ಯಾರು ಹೆಣ್ಣು ಕೊಡುತ್ತಾರೆ?

ಹೊಳೆಯ ಕೆಳಗಿನವರ ಕಥೆಯೂ ಹಗುರದ್ದಲ್ಲ. ಶ್ರೀಶೈಲ ಜಲಾಶಯಕ್ಕಾಗಿ ಕರ್ನೂಲು, ಮಹಬೂಬ್‌ನಗರ ಜಿಲ್ಲೆಗಳ ಸುಮಾರು ನೂರು ಹಳ್ಳಿಗಳ ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು. 1981ರಲ್ಲಿ ಅನೇಕ ಊರುಗಳಲ್ಲಿ ಸರಕಾರವೇ ಮನೆ ಕೆಡವಿ ಜನರನ್ನು ಹೊರಡಿಸಿತು. ಕುಟುಂಬಕ್ಕೊಂದು ನೌಕರಿ ಎಂಬ 1986ರ 98ನೇ ಸರಕಾರಿ ಆದೇಶ ಹಿಡಿದು ಅಲೆದವರ ಮಕ್ಕಳಿಗೆ ಈಗ ತಲೆ ನರೆತಿದೆ. ಅದೇ ಜಲಾಶಯದ ಹಿನ್ನೀರಿನಿಂದ ಬಾದಾಮಿ ಚಾಲುಕ್ಯರ ಕೂಡಲಿ ಸಂಗಮೇಶ್ವರ ದೇವಾಲಯವನ್ನು ಉಳಿಸಲು ಕಲ್ಲು ಕಲ್ಲು ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಿದರು. ಒಳ್ಳೆಯ ಕೆಲಸ, ಇಲ್ಲಿಂದ ಆಲಂಪುರಕ್ಕೆ ಹೋಗುವ ಕನ್ನಡಿಗರು ತಪ್ಪದೆ ನೋಡಿ ಬರಬೇಕು. ಆದರೆ ಆ ಕಲ್ಲಿಗೆ ಸಿಕ್ಕ ಜತನ ಅದರ ಸುತ್ತಲಿನ ಊರವರಿಗೆ ಸಿಕ್ಕಿದ್ದರೆ ಎಂದು ಅನಿಸದೆ ಇರುವುದಿಲ್ಲ.

ಬಚಾವತ್ ನ್ಯಾಯಮಂಡಳಿ 1973ರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಪ್ರದೇಶಕ್ಕೆ 800 ಟಿಎಂಸಿ ಎಂದು ಲೆಕ್ಕ ಹಾಕಿ ಹಂಚಿತು. ನೀರಿಗಾಗಿ ರಾಜ್ಯಗಳು ವಕೀಲರ ಪಡೆಯನ್ನೇ ಇಟ್ಟಿವೆ. ಮುಳುಗಡೆಯವರ ವಿಷಯ ಬಂದಾಗ ಮಾತ್ರ ಅದು ಆಯಾ ರಾಜ್ಯದ ಮನೆಯ ಸಂಗತಿ ಆಗಿಬಿಡುತ್ತದೆ. ಹೀಗೇ ಇರಬೇಕೆಂದಿಲ್ಲ. 1979ರ ನರ್ಮದಾ ತೀರ್ಪು ಸರ್ದಾರ್ ಸರೋವರದಿಂದ ನೆಲೆ ತಪ್ಪಿದ ಮಧ್ಯಪ್ರದೇಶ, ಮಹಾರಾಷ್ಟ್ರದ ಕುಟುಂಬಗಳಿಗೆ ಗುಜರಾತಿನಲ್ಲಿ ನೆಲೆ ಒದಗಿಸಬೇಕು, ಹಿಡುವಳಿಯ ಕಾಲು ಭಾಗಕ್ಕಿಂತ ಹೆಚ್ಚು ಕಳೆದುಕೊಂಡವರಿಗೆ ಕನಿಷ್ಠ 2 ಹೆಕ್ಟೇರ್ ನೀರಾವರಿ ಭೂಮಿ ಕೊಡಬೇಕು, ಖರ್ಚು ಗುಜರಾತಿನದು ಎಂದು ವಿಧಿಸಿತು. ಅದರ ಜಾರಿಯಲ್ಲಿ ಎಷ್ಟು ಲೋಪವಾಯಿತೆಂಬುದು ದೇಶಕ್ಕೇ ಗೊತ್ತಿದೆ. ಆದರೂ ಹಿಡಿದು ಕೇಳಲು ಅವರ ಕೈಯಲ್ಲಿ ಒಂದು ಕಾಗದವಿತ್ತು. ಕೃಷ್ಣೆಯ ತೀರ್ಪುಗಳಲ್ಲಿ ಅಂಥ ಪುನರ್ವಸತಿ ಅಧ್ಯಾಯವಿಲ್ಲ.

ದೇಶದ ಗಡಿ ದಾಟಿದ ನಿರಾಶ್ರಿತರಿಗಾಗಿ 1951ರ ಅಂತಾರಾಷ್ಟ್ರೀಯ ಒಡಂಬಡಿಕೆ ಇದೆ, ಭಾರತ ಅದಕ್ಕೆ ಸಹಿ ಹಾಕಿಲ್ಲ. ದೇಶದೊಳಗೇ ನೆಲೆ ತಪ್ಪಿದವರಿಗೆ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳಷ್ಟೇ ಉಂಟು. ನಾವು ಬಡ ಖಂಡ ಎಂದು ಕರೆಯುವ ಆಫ್ರಿಕಾ ಇದರಲ್ಲಿ ಮುಂದೆ ಹೋಗಿದೆ. ಅಲ್ಲಿನ ದೇಶಗಳು 2009ರಲ್ಲಿ ಕಂಪಾಲಾದಲ್ಲಿ ಮಾಡಿಕೊಂಡ ಒಡಂಬಡಿಕೆ ಯುದ್ಧ, ಬರಗಳ ಜೊತೆಗೆ ಯೋಜನೆಗಳಿಂದ ಎತ್ತಂಗಡಿಯಾದವರನ್ನೂ ಲೆಕ್ಕಕ್ಕೆ ಹಿಡಿದು 2012ರಲ್ಲಿ ಜಾರಿಗೆ ಬಂತು. ಅಷ್ಟು ದೇಶಗಳಿಗೆ ಸಾಧ್ಯವಾದದ್ದು ಒಂದೇ ಸಂವಿಧಾನದ ಕೆಳಗಿರುವ ನಾಲ್ಕು ರಾಜ್ಯಗಳಿಗೆ ಏಕಾಗದು? ಪ್ರವಾಹದ ಭಯ ಬಂದಾಗ 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೇ ಬಂದು ಮಾತಾಡಿದ್ದರು. ಮನಸ್ಸಿದ್ದರೆ ಕೂತು ಮಾತಾಡಲು ಬರುತ್ತದೆ.

ನೆರೆಯವರ ಆಸರೆ ಎಂದರೇನೆಂದು ನಮ್ಮ ಹಿರಿಯರನ್ನು ಕೇಳಬೇಕಿತ್ತು. 1947-48ರ ರಜಾಕಾರರ ಹಾವಳಿಯಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಎಷ್ಟೋ ಕುಟುಂಬಗಳು ನಿಜಾಮರ ಗಡಿ ದಾಟಿ ಗದಗ, ಸೊಲ್ಲಾಪುರದ ಕಡೆ ತಲೆ ಮರೆಸಿಕೊಂಡವು. 1948ರ ಸೆಪ್ಟೆಂಬರ್ ಕಳೆದ ಮೇಲೆ ಅದೇ ಜಿಲ್ಲೆಗಳ ಮುಸ್ಲಿಂ ಕುಟುಂಬಗಳು ಜೀವ ಉಳಿಸಿಕೊಳ್ಳಲು ಈ ಹೈದರಾಬಾದಿಗೆ ಬಂದವು.

ಈಗ ನಮ್ಮ ಸಂಘಗಳು ಮಾಡಬಹುದಾದ ಕೆಲಸಕ್ಕೆ ಬರೋಣ. 2014ರ ಜನವರಿಯಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯಿದೆಯ ಪ್ರಕಾರ ವಯಸ್ಕ ಮಗ ಅಥವಾ ಮಗಳು ಪ್ರತ್ಯೇಕ ಕುಟುಂಬ. ಭೂಮಿ ಇಲ್ಲದ ಕೂಲಿಕಾರ, ಗೇಣಿದಾರ, ಕಸುಬುದಾರರಿಗೂ ಪುನರ್ವಸತಿಯ ಹಕ್ಕಿದೆ, ಆದರೆ ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಊರಿನಲ್ಲೇ ದುಡಿದಿರಬೇಕು. ಊರು ಮುಳುಗುವುದೆಂದು ತಿಳಿದು ಮೊದಲೇ ಹೈದರಾಬಾದಿಗೆ ಗುಳೆ ಬಂದು ಗಾರೆ ಕೆಲಸಕ್ಕೆ ನಿಂತವನು ಇಲ್ಲೇ ಸಿಕ್ಕಿಬೀಳುತ್ತಾನೆ. ಸರ್ವೆಯವರು ಬಂದ ದಿನ ಮನೆಗೆ ಬೀಗ, ಪಟ್ಟಿಯಲ್ಲಿ ಹೆಸರಿಲ್ಲ. ಇತ್ತ ತೆಲಂಗಾಣಕ್ಕೆ ಅವನು ಹೊರಗಿನವನು. ಹೀಗೆ ಎರಡು ರಾಜ್ಯಗಳ ನಡುವೆ ಬಿದ್ದವರ ಹೆಸರನ್ನು ಇಲ್ಲಿಯೇ ದಾಖಲಿಸಿ ಊರಿನ ಭೂಸ್ವಾಧೀನಾಧಿಕಾರಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಎರಡೂ ಸರಕಾರ ಸೇರಿ ಮಾಡಬೇಕು. ಇದಕ್ಕೆ ನ್ಯಾಯಮಂಡಳಿಯ ತೀರ್ಪಿಗೆ ಕಾಯಬೇಕಿಲ್ಲ, ಇಬ್ಬರು ಕಾರ್ಯದರ್ಶಿಗಳ ಪತ್ರ ವ್ಯವಹಾರ ಸಾಕು.

ಸರಕಾರ ಮಾಡುವ ತನಕ ಸಂಘಗಳು ಕೈಕಟ್ಟಿ ಕೂರಬೇಕಿಲ್ಲ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರು, ವಕೀಲರು, ಮೇಷ್ಟ್ರುಗಳು ಬೇಕಾದಷ್ಟಿದ್ದಾರೆ. ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿದಾಗ ಬಾಗಿಲಲ್ಲೇ ಒಂದು ಮೇಜು ಇಡಲಿ. ಬಾಗಲಕೋಟೆ, ವಿಜಯಪುರ ಸೀಮೆಯಿಂದ ಬಂದವರ ಪಹಣಿ, ರೇಷನ್ ಕಾರ್ಡು, ಮತದಾರರ ಪಟ್ಟಿಯ ನಕಲು ನೋಡಿ ಅರ್ಜಿ ಬರೆದುಕೊಡಲಿ. ಶ್ರೀಶೈಲದ ಮುಂಪಿನವರನ್ನೂ ಆ ದಿನ ಕರೆಯಲಿ. ನಲವತ್ತು ವರ್ಷ ಅರ್ಜಿ ಹಿಡಿದು ತಿರುಗಿದವರಿಗೆ ಯಾವ ಕಾಗದ ಜೋಪಾನ ಮಾಡಬೇಕು, ಯಾವ ಭರವಸೆ ನಂಬಬಾರದು ಎಂಬುದು ನಮಗಿಂತ ಚೆನ್ನಾಗಿ ಗೊತ್ತು.